ಬೆಳ್ಳುಳ್ಳಿ ಕಷಾಯ ಎಂದು ಹೇಳಿದ್ದು

ಗಂಗಾ, ಅವತ್ತು ನೀನು ಹೊಲಕ್ಕೆ ಹೊಡೆದದ್ದು ಬೆಳ್ಳುಳ್ಳಿ ಕಷಾಯ ಆಗಿರಲಿಲ್ಲ. ವಿಷ — ಒಂದಲ್ಲ, ಎರಡು. ನಿನ್ನ ಬೆನ್ನಿಗೇರಿಸಿದ ಟ್ಯಾಂಕಿಗೆ ಅದನ್ನು ಸುರಿದವನು ನಾನೇ, ನಿನ್ನ ಒಡಹುಟ್ಟಿದ ಅಣ್ಣ.

ಅಗಳಿಯ ಔಷಧಿ ಅಂಗಡಿಯವನು ಹೇಳಿದ್ದ, “ಒಂದಕ್ಕೆಲ್ಲ ಹುಳ ಬಗ್ಗಲ್ಲ ಕಣಪ್ಪ, ಎರಡೂ ಸೇರಿಸಿ ಹೊಡಿ.” ನಾನು ತಲೆಯಾಡಿಸಿ ಎರಡನ್ನೂ ಕೊಂಡುತಂದೆ. ನಮ್ಮ ಟೊಮೇಟೊ ಹೊಲದ ಪಕ್ಕದಲ್ಲೇ ದೊಡ್ಡಪ್ಪನ ಹಿಪ್ಪುನೇರಳೆ. ಆ ಸೊಪ್ಪು ತಿನ್ನುವ ರೇಷ್ಮೆಹುಳ ಸಾಯಲು ಗಾಳಿಯಲ್ಲಿ ತೇಲಿಬಂದ ಒಂದು ಹನಿ ವಿಷ ಸಾಕೆಂದು ನಮ್ಮೂರಲ್ಲಿ ಕೂಸಿಗೂ ಗೊತ್ತು. ಅದಕ್ಕೇ ನೀನು ಮೂಗು ಮುಚ್ಚಿಕೊಂಡು ಕೇಳಿದ್ದೆ, “ಅಣ್ಣ, ಇದ್ಯಾಕೆ ಹಿಂಗ್ ನಾರ್ತೈತೆ? ದೊಡ್ಡಪ್ಪನ ಹುಳಕ್ಕೆ ಏನೂ ಆಗಲ್ವಾ?” ಬೆಳ್ಳುಳ್ಳಿ ನಾರದೆ ಇನ್ನೇನು, ಅದಕ್ಕೆಲ್ಲ ರೇಷ್ಮೆಹುಳ ಸಾಯಲ್ಲ ಎಂದು ಗದರಿಬಿಟ್ಟೆ.

ಸಂಜೆ ನೀನು ಬದುವಿನ ಮೇಲೆ ಕುಸಿದೆ. ಬೆವರು, ವಾಂತಿ, ಅದುರುವ ರೆಪ್ಪೆ — ನಿನ್ನನ್ನು ಟೆಂಪೋದಲ್ಲಿ ಹಾಕಿಕೊಂಡು ಮಡಕಶಿರಾ ಆಸ್ಪತ್ರೆಗೆ ಓಡಿದವನು ಅದೇ ದೊಡ್ಡಪ್ಪ! ಅವನ ಹುಳಗಳು ಸೊಪ್ಪು ತಿನ್ನುವುದು ಬಿಟ್ಟು ಮುದುಡಿ ಬೀಳುತ್ತಿವೆಯೆಂದು ಆಗಲೇ ಸುದ್ದಿ ಬಂದಿತ್ತು. ಏನು ಹೊಡೆದಳೆಂದು ವೈದ್ಯರು ಕೇಳಿದರು. ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದ.

“ಬೆಳ್ಳುಳ್ಳಿ ಕಷಾಯ ಸಾರ್. ಬಿಸಿಲಿಗೆ ಹಿಂಗಾಗಿರ್ಬೇಕು” ಎಂದೆ.

ಥೂ, ನನ್ನ ಬಾಯಿಗೆ ಮಣ್ಣು ಹಾಕ! ಹುಳ ಸಾಯಿಸಿದನೆಂಬ ಮಾತು ತಪ್ಪಿಸಿಕೊಳ್ಳಲು ಸ್ವಂತ ತಂಗಿಯನ್ನು... ವೈದ್ಯರು ನನ್ನ ಮಾತು ನಂಬಿ ಗ್ಲೂಕೋಸ್ ಹಾಕಿ ಕಳಿಸಿದರು.

ಆಮೇಲೆ ನಿನ್ನ ಪಾದಗಳು ಜೋಮು ಹಿಡಿದವು, ಬೆರಳು ನಡುಗತೊಡಗಿದವು. ಆದರೂ ನೀನು ಜೀನ್ಸ್ ಹೊಲಿಯುತ್ತೇನೆಂದು ಹಟಮಾಡಿ ರಾಯದುರ್ಗದ ಹೊಲಿಗೆ ಕಾರ್ಖಾನೆಗೆ ಹೋದೆ. ಪೆಡಲನ್ನು ಎಷ್ಟು ತುಳಿದೆಯೆಂದು ನಿನ್ನ ಪಾದಕ್ಕೇ ತಿಳಿಯದು. ಮಿಷನ್ನು ಸಿಕ್ಕಾಪಟ್ಟೆ ಓಡುತ್ತಿತ್ತು. “ಯಾಕವ್ವಾ, ಕುಡದು ಬಂದಿಯೇನ? ನಾಳಿಂದ ಬರಬ್ಯಾಡ” ಅಂದನಂತೆ ಮೇಸ್ತ್ರಿ. ನೀನು ಅಳುತ್ತಾ ಹೇಳಿದಾಗ ಅವನಿಗೆ ಹೊಡೆಯಲು ಹೊರಟಿದ್ದೆನಲ್ಲ — ಎಂಥ ನಾಟಕ! ಯಾರಿಗೆ ಹೊಡೆಯಬೇಕೆಂದು ನನಗೆ ಗೊತ್ತಿರಲಿಲ್ಲವೆ? ಗಾಳಿ ಸೋಕಿದೆಯೆಂದು ಅಮ್ಮ ನಿನಗೆ ತಾಯತ ಮಾಡಿಸಿದಾಗ ಅದರ ದಾರ ಕಟ್ಟಿದವನೂ ನಾನೇ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಬಳ್ಳಾರಿಯ ನರವೈದ್ಯರು ಕೇಳಿದರು — ಎಂದಾದರೂ ಬೆಳೆಗೆ ಎರಡು ಔಷಧಿ ಬೆರೆಸಿ ಹೊಡೆದದ್ದುಂಟೆ? ಬೆರೆತರೆ, ನಮ್ಮ ದೇಹ ಒಂದನ್ನು ಕರಗಿಸಿ ಹೊರಹಾಕದಂತೆ ಇನ್ನೊಂದು ತಡೆಯಬಹುದು, ನರಕ್ಕೆ ಪೆಟ್ಟು ಜಾಸ್ತಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ, “ಇಲ್ಲ ಸಾರ್. ನಮ್ಮಣ್ಣ ಅಂಥದ್ದೆಲ್ಲ ನನ್ ಕೈಗೆ ಕೊಡೋನಲ್ಲ.”

ಬೆರೆಸಿದರೆ ಏನಾಗುತ್ತದೆಂದು ಹೇಳದೆ ಮಾರುವವರ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ಆದರೆ ವೈದ್ಯರೆದುರು ಸುಳ್ಳು ಹೇಳಿದ್ದು ಅವರಲ್ಲ. ಮೊನ್ನೆಯೂ ಸುಮ್ಮನಿದ್ದವನು ನಾನು.

ಸೋಮವಾರ ಮತ್ತೆ ಬಳ್ಳಾರಿಗೆ ಹೋಗೋಣ. ದೊಡ್ಡಪ್ಪನಿಗೂ ಬಾ ಎಂದಿದ್ದೇನೆ. ಅವನೆದುರಿಗೇ ಎರಡೂ ವಿಷದ ಹೆಸರು ಹೇಳುತ್ತೇನೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರಲು ಮನಸ್ಸಾಗದಿದ್ದರೆ — ದೊಡ್ಡಪ್ಪನ ಪಕ್ಕ ಕೂತುಕೋ.