ಡಬ್ಬಿಯ ಮೇಲಿನ ಹೆಸರು

ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಗಡಿನ ಪತ್ರಾ ಡಬ್ಬಿ ಇದೆ. ಅದರ ಮೈಮೇಲೆ ಸೀಮೆಸುಣ್ಣದಲ್ಲಿ ನನ್ನ ಹೆಸರಿದೆ, ಅಕ್ಷರಗಳು ಡೊಂಕು. ಹೋದ ವಾರ ನಮ್ಮೂರು ಘೋಡಗೇರಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ, ಹೆಸರಿದ್ದ ಬದಿಗೆ ಯಾರ ಕೈಯೂ ತಾಗದ ಹಾಗೆ. ಮುಚ್ಚಳ ತೆಗೆದರೆ ಹಳೆಯ ಜೋಳದ ಹಿಟ್ಟಿನ ವಾಸನೆ... ಗಿರಣಿ ಕಾಕು ಎದ್ದು ಬಂದು ಎದುರಿಗೆ ಕೂತ ಹಾಗಾಯಿತು.

ಓಣಿಯ ಮಕ್ಕಳಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ನಮ್ಮ ಓಣಿಯ ಹಿಟ್ಟಿನ ಗಿರಣಿ ಅವರದು. ಹುಬ್ಬಿನ ತನಕ ಹಿಟ್ಟು, ಬಾಯಿತುಂಬ ಚೇಷ್ಟೆ. ಹೆಸರು ಬರೆಯದ ಡಬ್ಬಿಯನ್ನು ಅವರು ಮುಟ್ಟುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ, “ಹೆಸರಿಲ್ಲದ ಹಿಟ್ಟು ಯಾರ ಮನಿ ರೊಟ್ಟಿ ಆಗಬೇಕ್ರಿ?” ಎಂದು ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದರು. ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತವರು. ಬರೆಯುವುದೆಂದರೆ ಭಾರಿ ಖುಷಿ.

ಕರೆಂಟು ಹೋದರೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಅರ್ಧ ಜೋಳ ಗಿರಣಿಯ ಬಾಯೊಳಗೆ, ಅರ್ಧ ಹಿಟ್ಟು ಡಬ್ಬಿಯಲ್ಲಿ. ಆಗ ಕಾಕು ಅದೇ ಸೀಮೆಸುಣ್ಣದಿಂದ ನೆಲದ ಫರಸಿ ಕಲ್ಲಿನ ಮೇಲೆ ಗೆರೆ ಎಳೆದು ಹುಲಿ-ಕುರಿ ಆಟ ಹೂಡುತ್ತಿದ್ದರು. ಕುರಿಗಳು ಸುತ್ತುಗಟ್ಟಿ, ಹುಲಿಗೆ ಸರಿಯಲು ಒಂದು ಮನೆಯೂ ಇಲ್ಲದಂತೆ ಮಾಡಿದರೆ ಹುಲಿ ಸೋತಂತೆ. ಆದರೆ ಕಾಕುವಿನ ಆಟದಲ್ಲಿ ಇನ್ನೊಂದು ಕಾಯಿದೆಯಿತ್ತು, ಅದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಕ್ಕಿಬಿದ್ದವರು ಒಂದೇ ಒಂದು ಸಲ “ದಾರಿ ಕೊಡ್ರಿ” ಅನ್ನಬಹುದು. ಅಂದರೆ ಎದುರಿನವರು ಒಂದು ಕುರಿ ಹಿಂದೆ ಸರಿಸಲೇಬೇಕು. ನಾನು ಹಟಮಾರಿ, ದಾರಿ ಕೇಳುತ್ತಿರಲಿಲ್ಲ.

“ಬಾಯಿ ಐತಿಲ್ಲ? ಕೇಳು, ಬಿಡ್ತೇನಿ. ಹಿಂಗ ಮಾರಿ ಉಬ್ಬಿಸ್ಕೊಂಡು ಕುಂತ್ರ ನಿನ್ನ ಹುಲಿ ಅಲ್ಲೇ ಸಾಯತೈತಿ ನೋಡವ್ವ,” ಎಂದು ಕಾಕು ನಗುತ್ತಿದ್ದರು.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಆಟಗಳ ಮೇಲೆಯೇ ಸಂಶೋಧನೆಗೆ ಸೇರಿದೆ. ಕುರಿ ಆಡಿಸುವುದಕ್ಕೆ ಫೆಲೋಶಿಪ್ ಯಾರು ಕೊಡುತ್ತಾರೆ ಎಂದು ಮನೆಯಲ್ಲಿ ನಕ್ಕಿದ್ದರು. ಕೊಟ್ಟದ್ದು ಒಂದು ವಿಡಿಯೋಗೇಮ್ ಕಂಪನಿ. ಅದಕ್ಕೂ ವಿಶ್ವವಿದ್ಯಾಲಯಕ್ಕೂ ಒಪ್ಪಂದವಿತ್ತು. ಪುಟ ಪುಟಕ್ಕೂ ಸಹಿ ಹಾಕಿದೆ, ಒಂದು ಪುಟವನ್ನೂ ಓದಲಿಲ್ಲ. ಆವತ್ತು ಕರದಂಟು ಬೇರೆ ಹಂಚಿದೆ, ದಡ್ಡಿ!

ಮೊದಲು ಹೋದದ್ದು ಕಾಕುವಿನ ಹತ್ತಿರ. ಮೂರು ದಿನ ಫೋನು ಮುಂದಿಟ್ಟು ಆಟ, ಮಾತು, ನಗು ಎಲ್ಲ ಹಿಡಿದುಕೊಂಡೆ. ಅವರು ಕೇಳಿದ್ದು ಒಂದೇ.

“ನನ್ನ ಹೆಸರು ಬರೀತಿಲ್ಲ ಅದರಾಗ? ನಮ್ಮವ್ವ ಕಲಿಸಿದ ಆಟ ಅದು, ತವರುಮನಿ ಮೂಡಲಗಿಂದ ತಂದೇನಿ. ನನ್ನ ಹೆಸರಿದ್ರ ಆಕಿದೂ ಇದ್ದಂಗ.”

“ಖರೇನ ಬರೀತೇನ್ರಿ ಕಾಕು,” ಎಂದು ಅವರ ಹಿಟ್ಟಿನ ಕೈ ಹಿಡಿದು ಮಾತು ಕೊಟ್ಟೆ.

ವರದಿ ಬರೆಯುವಾಗ ನನ್ನ ಮಾರ್ಗದರ್ಶಕರು ಒಪ್ಪಂದದ ಒಂದು ಪುಟ ತೆರೆದು ತೋರಿಸಿದರು. ಸಂಗ್ರಹಿಸಿದ್ದೆಲ್ಲ ಕಂಪನಿಯ ಸ್ವತ್ತು. ಆಟ ಹೇಳಿಕೊಟ್ಟವರ ಹೆಸರನ್ನು ಎಲ್ಲಿಯೂ, ಎಂದಿಗೂ ಬಹಿರಂಗಪಡಿಸುವಂತಿಲ್ಲ. “ನನ್ನ ಕೈಯಾಗ ಏನೂ ಇಲ್ಲವ್ವ. ಹೆಸರು ಹಾಕಿದ್ರ ನಿನ್ನ ಪಿಎಚ್‌ಡಿ ಹೋಗತೈತಿ, ಹಿಂದ ಬರೋರ ಫೆಲೋಶಿಪ್ಪೂ ಹೋಗತೈತಿ,” ಎಂದರು. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ನುಂಗಿದೆ. ವರದಿಯಲ್ಲಿ ಕಾಕು ‘ಮಾಹಿತಿದಾರರು – ೪’ ಆದರು.

ಊರಿಗೆ ಹೋದಾಗ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಬಾಗಿಲಲ್ಲೇ ಕೇಳಿದರು. “ಎಲ್ಲಿ ಐತಿ ನನ್ನ ಹೆಸರು? ತೋರ್ಸು.”

ವರದಿ ನನ್ನ ಚೀಲದಲ್ಲೇ ಇತ್ತು. “ಇನ್ನಾ ಅಚ್ಚಾಗಿಲ್ರಿ,” ಎಂದೆ. ಅವರು ನನ್ನ ಮುಖ ನೋಡಿ, ಡಬ್ಬಿ ತೆಗೆದುಕೊಂಡು ಸೀಮೆಸುಣ್ಣದಿಂದ ನನ್ನ ಹೆಸರು ಬರೆದರು. ಆಮೇಲೆ ಒಯ್ಯುತ್ತೇನೆಂದು ಡಬ್ಬಿ ಅಲ್ಲೇ ಬಿಟ್ಟು ಬಂದವಳು ಮತ್ತೆ ಹೋಗಲಿಲ್ಲ. ಸಂಜೆ ಹಿಟ್ಟು ಚೀಲದಲ್ಲಿ ಮನೆಗೆ ಬಂತು. ಡಬ್ಬಿ ಬರಲಿಲ್ಲ, ಅದನ್ನು ನಾನೇ ಬಂದು ಒಯ್ಯಬೇಕಂತೆ. ಆಮೇಲೆ ಊರಿಗೆ ಹೋದಾಗಲೆಲ್ಲ ಹಿಂದಿನ ಓಣಿಯಿಂದ ಓಡಾಡಿದೆ. ಹುಟ್ಟಿದ ಊರಿನಲ್ಲಿ ಕಳ್ಳಿಯ ಹಾಗೆ!

ಹೋದ ವರ್ಷ ಹುಕ್ಕೇರಿ ಬಸ್ಸಿನಲ್ಲಿ ನನ್ನ ಬಾಜೂ ಕೂತಿದ್ದ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಹುಲಿ ಆಡಿಸುತ್ತಿದ್ದಳು. ಅದೇ ಗೆರೆ, ಅದೇ ಕುರಿ. ಹುಲಿ ಸಿಕ್ಕಿಬಿತ್ತು. ‘ದಾರಿ ಬೇಕೇ? ಜಾಹೀರಾತು ನೋಡಿ’ ಎಂದು ಪರದೆಯ ಮೇಲೆ ಬಂತು.

“ಇಷ್ಟು ನೋಡಿದ್ರ ಬಿಡತೈತ್ರಿ. ಚಲೋ ಐತಿ ಗೇಮ್,” ಎಂದು ಆಕೆ ನನ್ನತ್ತ ತಿರುಗಿ ನಕ್ಕಳು.

ಸಾಬೂನಿನ ಜಾಹೀರಾತು ಮುಗಿಯುವವರೆಗೆ ಇಬ್ಬರೂ ಕಾದೆವು. ಇದು ನಮ್ಮ ಕಾಕುವಿನ ಆಟ, ಅವರು ಬರೀ ಬಾಯಿಮಾತಿಗೆ ದಾರಿ ಬಿಡುತ್ತಿದ್ದರು ಎಂದು ಹೇಳಬೇಕಿತ್ತು. ಹೇಳದೆ ಒಂದು ಸ್ಟಾಪು ಮೊದಲೇ ಇಳಿದುಬಿಟ್ಟೆ.

ಹೋದ ವಾರ ಕಾಕು ತೀರಿಕೊಂಡ ಸುದ್ದಿ ಬಂತು. ಇಷ್ಟು ವರ್ಷಗಳ ಮೇಲೆ ಮುಂದಿನ ಓಣಿಯಿಂದ ನಡೆದು ಹೋದೆ. ಈಗ ಗಿರಣಿ ನಡೆಸುವ ಸೊಸೆ ಮೇಲಿನ ಹಲಗೆಯಿಂದ ಈ ಡಬ್ಬಿ ಇಳಿಸಿಕೊಟ್ಟಳು.

“ಅತ್ತಿ ಇದನ್ನ ಯಾರಿಗೂ ಮುಟ್ಟಾಕ ಕೊಡ್ತಿದ್ದಿಲ್ರಿ. ಹೆಸರು ಮಾಸಿದ್ರ ಮತ್ತ ಬರೀತಿದ್ರು. ‘ಆಕಿ ಎಲ್ಲೋ ಸಿಕ್ಕೊಂಡಾಳ, ನಂಗ ಗೊತ್ತೈತಿ. ಬಂದು ಕೇಳಿದ್ರ ಬಿಟ್ಟ ಬಿಡ್ತೇನಿ’ ಅಂತಿದ್ರು.”

ಒಂದು ಮಾತು ಕೇಳಿದ್ದರೆ ಸಾಕಿತ್ತು... ಕೇಳಲಿಲ್ಲ. ಇನ್ನು ಕೇಳಲು ಯಾರಿದ್ದಾರೆ?

ಡಬ್ಬಿಗೆ ಇನ್ನೂ ನೀರು ಸೋಕಿಸಿಲ್ಲ. ಅದರ ಮೇಲೆ ಅವರು ಮತ್ತೆ ಮತ್ತೆ ಬರೆದ ನನ್ನ ಹೆಸರಿದೆ. ನಾನು ಇಷ್ಟೆಲ್ಲ ಬರೆದೆ, ಅವರ ಹೆಸರನ್ನು ಇಲ್ಲಿಯೂ ಬರೆದಿಲ್ಲ.