ಕೈ ಮೇಲಿನ ಕಡ್ಡಿಗಳು

ಎಪ್ಪತ್ತರ ದಶಕ. ಚಿತ್ರದುರ್ಗದ ದನದ ಆಸ್ಪತ್ರೆಯೊಂದರಲ್ಲಿ ನನಗೆ ಚಿತ್ರ ಬರೆಯುವ ಕೆಲಸ. ಮೈಕ್ರೋಸ್ಕೋಪಿನಲ್ಲಿ ಕಂಡದ್ದರ ಫೋಟೋ ತೆಗೆಯುವ ಅನುಕೂಲ ನಮಗಿರಲಿಲ್ಲ. ಕಣ್ಣಿಡುವ ಕಡೆ ಸಣ್ಣದೊಂದು ಗಾಜಿನ ಪಟ್ಟಕ, ಪಕ್ಕಕ್ಕೆ ಚಾಚಿದ ಕನ್ನಡಿ. ಅದಕ್ಕೆ ಕ್ಯಾಮೆರಾ ಲ್ಯೂಸಿಡಾ ಅನ್ನುತ್ತಿದ್ದರು. ಇಣುಕಿದರೆ ಗಾಜಿನ ಮೇಲಿನ ರಕ್ತವೂ ಮೇಜಿನ ಮೇಲಿನ ಕಾಗದವೂ ಒಂದರ ಮೇಲೊಂದು ಕಾಣುತ್ತಿದ್ದವು. ಕಂಡ ಗೆರೆಯ ಮೇಲೆ ಪೆನ್ಸಿಲ್ ಎಳೆದರಾಯಿತು. ಕಾಗದಕ್ಕೆ ಬೆಳಕು ಹೆಚ್ಚಾದರೆ ರಕ್ತ ಮಾಯ, ಕಡಿಮೆಯಾದರೆ ಪೆನ್ಸಿಲ್ ಮಾಯ.

ಹರಿಯಬ್ಬೆ ಕಡೆಯ ಕುರಿಗಾಹಿಯೊಬ್ಬ ಸತ್ತ ಕುರಿಯ ಕಿವಿಯನ್ನು ಎಕ್ಕದ ಎಲೆಯಲ್ಲಿ ಸುತ್ತಿ ತಂದಿದ್ದ. ಡಾಕ್ಟರು ಅದರ ರಕ್ತವನ್ನು ಗಾಜಿಗೆ ಸವರಿ, ಬಣ್ಣ ಹಾಕಿ ನೋಡಿದರು. ಎದ್ದು ನನಗೆ ಜಾಗ ಬಿಟ್ಟರು. ನೀಲಿ ಕಡ್ಡಿಗಳು, ಸುತ್ತ ಗುಲಾಬಿ ಮಬ್ಬು. ನೆರಡಿ, ಇಂಗ್ಲಿಷಿನ ಆಂಥ್ರಾಕ್ಸ್. ಕುರಿಯಿಂದ ಮನುಷ್ಯರಿಗೂ ಹತ್ತಿ ಕೊಲ್ಲುವ ರೋಗ.

"ತೊಗಲು ಸುಲಿದ್ರೇನಪ್ಪ?" ಡಾಕ್ಟರು ಕೇಳಿದರು.

"ಸುಲೀದೆ ಹಂಗೇ ಹೂಳ್ತಾರೇನ್ರೀ? ಬಾಡು ಪಾಲು ಹಾಕ್ಕಂಡ್ವಿ."

ಅವನ ಮಣಿಕಟ್ಟಿನ ಮೇಲೆ ಕಪ್ಪು ಹಕ್ಕಳೆಯಿತ್ತು. ನೋವೇ ಇಲ್ಲ ಅಂದ.

"ದೊಡ್ಡಾಸ್ಪತ್ರೆಗೆ ಹೋಗಾಣ. ಸೂಜಿ ಹಾಕಿಸ್ಬೇಕು."

"ಗುಳ್ಳೆಗೆ ಸೂಜಿಯೇನ್ರೀ!"

ನಂಬಲೆಂದು ಅವನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಇಣುಕುತ್ತಾ ಕೈಯನ್ನು ಕಾಗದದ ಮೇಲಿಟ್ಟ.

"ಅಯ್ಯಪ್ಪಾ! ನನ್ ಕೈ ಮ್ಯಾಲೇ ಅವೆ!"

ಕೈಯನ್ನು ಕಂಬಳಿಗೆ ಒರೆಸಿ ಮತ್ತೆ ಇಟ್ಟ. ಕಡ್ಡಿಗಳು ಹೋಗಿರಲಿಲ್ಲ. ಆಮೇಲೆ ನಿಧಾನವಾಗಿ ಸರಿಸಿದ. ಅವು ಕೈಯ ಜೊತೆ ಬರಲಿಲ್ಲ, ಕಾಗದದ ಮೇಲೇ ಉಳಿದವು. ಅವನ ಮುಖ ಅರಳಿತು.

"ರೋಗ ನಿಮ್ ಕಾಗದಕ್ಕೈತೆ ಕಣ್ರೀ. ಅದ್ಕೇ ಹಾಕ್ರಿ ಸೂಜಿಯ."

ಡಾಕ್ಟರು ಜೀಪು ಕೇಳಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಹಿರಿಯೂರು ಬಸ್ಸು ಹತ್ತಿಬಿಟ್ಟಿದ್ದ.

ಹಕ್ಕಳೆ ಇದ್ದದ್ದು ಬಲಗೈಗೋ ಎಡಗೈಗೋ? ಬಲಗೈಗೆ ಅನ್ನುತ್ತೇನೆ. ಆದರೆ ನೆನೆದಾಗೆಲ್ಲ ಪೆನ್ಸಿಲ್ ಹಿಡಿದ ನನ್ನ ಕೈಯೇ ಅದರ ಮೇಲೆ ಬಂದು ಕೂರುತ್ತದೆ. ನಾನು ಬಲಗೈ ಅಂದದ್ದನ್ನು ನಂಬಬೇಡಿ.

ಜೀಪು ಸಿಕ್ಕಿದ್ದು ಮರುದಿನ. ಪೆನಿಸಿಲಿನ್ ತೆಗೆದುಕೊಂಡು ಹೋದೆವು. ಅವನ ಮನೆಯ ಗೋಡೆಗೆ ತೊಗಲು ಬಿಗಿದಿತ್ತು, ಹಗ್ಗದ ಮೇಲೆ ಬಾಡು ಒಣಗುತ್ತಿತ್ತು. ಬಿಸಿಲು ಏರಿದ್ದರೂ ಅವನು ಕಂಬಳಿ ಹೊದ್ದು ಜಗುಲಿಯಲ್ಲಿ ಕೂತಿದ್ದ.

"ಬರ್ರಿ, ಕುಂತ್ಕಳ್ರಿ. ಉಂಡ್ಕಂಡು ಹೋಗೀರಂತೆ."

"ಕೈ ತೋರ್ಸಪ್ಪ," ಅಂದರು ಡಾಕ್ಟರು.

ಒಂದು ಕೈ ಚಾಚಿದ.

"ಇನ್ನೊಂದು."

ನಕ್ಕ. ಇನ್ನೊಂದು ಹೊರಗೆ ಬರಲಿಲ್ಲ. ಅದನ್ನು ಎತ್ತಲು ಅವನು ಹೆಣಗುತ್ತಿದ್ದದ್ದು ಕಂಬಳಿಯ ಮೇಲಿಂದಲೇ ಕಾಣುತ್ತಿತ್ತು.