ಚರ್ಮದ ಚೂರಿನ ನಕ್ಷತ್ರ

ಬೂಟು ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಅಂಟಕ್ಕ ಎಂದೇ ಕರೆಯುತ್ತಿದ್ದರು. ಎಷ್ಟು ತೊಳೆದರೂ ಬೆರಳಿನಿಂದ ಅಂಟಿನ ವಾಸನೆ ಹೋಗುತ್ತಿರಲಿಲ್ಲ. ಅವಳ ಸಿಟ್ಟೂ ಹಾಗೆಯೇ, ಹಿಡಿದರೆ ಬಿಡುತ್ತಿರಲಿಲ್ಲ.

ಅಂಗಡಿ ಅಪ್ಪನದು. ಬದುಕಿದ್ದಾಗ ಅವನು ಪ್ರತಿ ಕ್ರಿಸ್‌ಮಸ್ಸಿಗೂ ಮನೆಯವರ ಹಳೆಯ ಚಪ್ಪಲಿ, ಬೂಟುಗಳಿಂದ ಒಂದು ಚೂರು ಕತ್ತರಿಸಿ, ಏನಾದರೂ ಮಾಡಿ ಮರಕ್ಕೆ ತೂಗುಹಾಕುತ್ತಿದ್ದ. ಅಮ್ಮ ಆಸ್ಪತ್ರೆಗೆ ಮೆಟ್ಟಿಕೊಂಡು ಹೋಗಿ ಮತ್ತೆ ಮೆಟ್ಟದ ಚಪ್ಪಲಿಯ ಪಟ್ಟಿಯಲ್ಲಿ ಒಂದು ಕುರಿಮರಿ. ತಮ್ಮನ ಮೊದಲ ಶಾಲಾ ಬೂಟಿನ ನಾಲಿಗೆಯಲ್ಲಿ ಒಂದು ನಕ್ಷತ್ರ. ಹೀಗೆ ಹನ್ನೆರಡು. ಒಂದೊಂದರ ಬೆನ್ನಿಗೂ ಯಾರದು, ಯಾವ ವರ್ಷ ಎಂದು ಬಿಸಿ ಸೂಜಿಯಲ್ಲಿ ಚುಚ್ಚಿ ಬರೆದಿದ್ದ.

ಆ ಸಲ ಡಿಸೆಂಬರ್ ಶುರುವಿನಲ್ಲೇ ತಮ್ಮ ಬಂದ. "ಮಗಳಿಗೆ ತೋರಿಸ್ತೀನಿ ಅಕ್ಕಾ, ಹಬ್ಬಕ್ಕೆ ಮುಂಚೆ ತಂದ್ಕೊಡ್ತೀನಿ" ಎಂದು ಅವನ್ನಿಟ್ಟಿದ್ದ ಪೆಟ್ಟಿಗೆ ಒಯ್ದ. ವಿಮಾ ಕಂಪನಿಯಲ್ಲಿ ಅಧಿಕಾರಿಯಾದ ಮೇಲೆ ಅವನು ಅಂಗಡಿಯ ಮೆಟ್ಟಿಲು ಹತ್ತಿದ್ದೇ ಅಪರೂಪ. ಅವಳಿಗೆ ಖುಷಿಯೇ ಆಗಿತ್ತು.

ಎರಡು ವಾರದ ಮೇಲೆ, ಹಿಮ್ಮಡಿ ಕಿತ್ತ ಬೂಟು ತಂದಿದ್ದ ಅದೇ ಕಂಪನಿಯ ಹುಡುಗಿಯೊಬ್ಬಳು ಫೋನಿನಲ್ಲಿ ಫೋಟೋ ತೋರಿಸಿದಳು. "ನಮ್ಮ ಆಫೀಸಲ್ಲಿ ಕೈಯಲ್ಲೇ ಮಾಡಿದ ಅಲಂಕಾರದ ಸ್ಪರ್ಧೆ ಇತ್ತು. ಇದಕ್ಕೇ ಮೊದಲ ಬಹುಮಾನ. ನಮ್ಮ ಸಾಹೇಬ್ರು ಮಾಡಿದ್ದು. ಅವರಪ್ಪ ದೊಡ್ಡ ಕಲಾವಿದರಂತೆ."

ಅಂಟಕ್ಕ ಸುತ್ತಿಗೆ ಕೆಳಗಿಟ್ಟಳು. ಬಾಗಿಲೆಳೆದು, ಏಪ್ರನ್ ಕೂಡ ಬಿಚ್ಚದೆ ನಡೆದೇ ಹೋದಳು.

ಕಂಪನಿಯ ಮೂರನೇ ಮಹಡಿಯ ಹಾಲ್‌ನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಮೂಲೆಯ ಮರದಲ್ಲಿ ಅಪ್ಪನ ಕೆಲಸ ತೂಗುತ್ತಿತ್ತು. ಅವಳನ್ನು ಕಂಡು ತಮ್ಮನ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಮನೇಲಿ ಮಾತಾಡೋಣ."

"ನಿನ್ನ ಮನೆಗೆ ನನ್ನ ಕರೆದಿದ್ದು ಯಾವಾಗ?"

ಅವಳು ನಕ್ಷತ್ರವನ್ನು ತಿರುಗಿಸಿದಳು. ಬೆನ್ನಿಗೆ ಹಸಿರು ಕಾಗದ ಅಂಟಿಸಿತ್ತು. ಉಗುರು ಹಾಕಿ ಎಳೆದಳು. ಕಾಗದದ ಜೊತೆ ಚರ್ಮದ ಪದರವೂ ಎದ್ದು ಬಂತು. ಅಪ್ಪನ ಅಕ್ಷರ ಅರ್ಧ ಹೋಗಿತ್ತು.

"ಇದು ಯಾವುದರಲ್ಲಿ ಮಾಡಿದ್ದು, ಹೇಳು."

ಅವನು ಊಟಕ್ಕೆ ಕೂತವರತ್ತ ತಿರುಗಿ ನೋಡಿದ.

"ನಿನ್ನ ಶಾಲೆ ಬೂಟು. ಆಗ ಅಪ್ಪನ ಕಾಲಿಗೆ ಬೂಟಿರಲಿಲ್ಲ. ನಮ್ಮಪ್ಪ ಏನು ಕೆಲಸ ಮಾಡ್ತಿದ್ದ?"

"ನಿನ್ನ ಕಾಲಿಗೆ ಬೀಳ್ತೀನಿ, ಅಕ್ಕಾ."

"ಬೀಳೋದು ಬೇಡ. ಕಂಡೋರ ಕಾಲಿನ ಕೆಲಸ ಮಾಡೇ ನಿನ್ನ ಓದಿಸಿದ್ದು. ಹೇಳು."

"ಚಪ್ಪಲಿ ಹೊಲೀತಿದ್ರು."

"ಹಿಂದೆ ಕೂತೋರಿಗೆ ಕೇಳಿಸಲಿಲ್ಲ."

ಅವನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. ಯಾರೂ ನಗಲಿಲ್ಲ.

ಮರದಲ್ಲಿ ಹನ್ನೊಂದೇ ಇದ್ದವು. ಕುರಿಮರಿಯನ್ನು ಅವನು ಮ್ಯಾನೇಜರಿಗೆ ಉಡುಗೊರೆ ಕೊಟ್ಟುಬಿಟ್ಟಿದ್ದ. ಆಕೆ ಅದನ್ನು ತನ್ನ ಕೋಣೆಯಿಂದ ತಂದು, "ತುಂಬ ಚೆನ್ನಾಗಿದೆ, ಇದೊಂದು ನನ್ನ ಹತ್ತಿರ ಇರಲಾ?" ಎಂದು ಕೇಳಿದಳು.

"ಅದು ನಮ್ಮಮ್ಮನ ಚಪ್ಪಲಿ."

ಮ್ಯಾನೇಜರ್ ಅದನ್ನು ಅವಳ ಅಂಗೈಗಿಟ್ಟಳು. ಅಂಟಕ್ಕ ಹನ್ನೆರಡನ್ನೂ ಏಪ್ರನ್ನಿನಲ್ಲಿ ಕಟ್ಟಿಕೊಂಡು ಹೋದಳು.

ಕ್ರಿಸ್‌ಮಸ್ ದಿನ ತಮ್ಮ ಮಗಳ ಕೈಹಿಡಿದು ಅಕ್ಕನ ಮನೆಗೆ ಬಂದ. ಅಂಟಕ್ಕ ಮಗುವನ್ನು ಒಳಗೆ ಕರೆದು, ಅವನನ್ನು ಹೊಸ್ತಿಲಲ್ಲೇ ತಡೆದು, ಒಳಗಿನ ಮರ ತೋರಿಸಿದಳು.

"ಯಾವುದು ಯಾರದು ಅಂತ ಮಗಳಿಗೆ ಹೇಳು. ಆಮೇಲೆ ಒಳಗೆ ಬಾ."

ಐದು ಸರಿಯಾಗಿ ಹೇಳಿದ. ಆರನೆಯದಕ್ಕೆ ತಡವರಿಸಿದ. ಅವಳು ಸಹಾಯಕ್ಕೆ ಹೋಗಲಿಲ್ಲ. ಅವನು ಬೆವರುವ ತನಕ ಕಾದು, ಉಳಿದ ಏಳನ್ನೂ ತಾನೇ ಮಗುವಿಗೆ ಹೇಳಿದಳು. ಆಮೇಲೆ ಹೊಸ್ತಿಲು ಬಿಟ್ಟು ಸರಿದು, ಮೂವರಿಗೂ ಊಟ ಬಡಿಸಿದಳು. ಮಾತು ಮಾತ್ರ ಆ ದಿನ ಪೂರ್ತಿ ಮಗುವಿನ ಜೊತೆಗೇ.